ಕಿವಿಗೂ ಕಂಪ್ಯೂಟರಿಗೂ ನಡುವಿನ ಮಾತುಕತೆ

ಮೊಬೈಲಿನ ಜೊತೆ ಸೊಗಸಾಗಿ ಹಾಡುವ ಬ್ಲೂಟೂತ್ ಹೆಡ್‌ಸೆಟ್ಟು ಮನೆಯ ಕಂಪ್ಯೂಟರಿಗೆ ಜೋಡಿಸಿ ಪಾಠಕ್ಕೆ ಕೂತೊಡನೆ ಮೂಗಿನಲ್ಲಿ ಮಾತಾಡತೊಡಗುತ್ತದೆ. ಕೆಲವು ಮನೆಗಳಲ್ಲಿ ಜೋಡಣೆಯೇ ಆಗುವುದಿಲ್ಲ. ಇನ್ನು ಕೆಲವೆಡೆ ನಿನ್ನೆ ರಾತ್ರಿಯವರೆಗೆ ಹೇಳಿದಂತೆ ಕೇಳುತ್ತಿದ್ದ ಮೌಸು ಬೆಳಗಾಗುವಷ್ಟರಲ್ಲಿ ಪರಿಚಯವೇ ಇಲ್ಲದಂತೆ ಸುಮ್ಮನಿರುತ್ತದೆ. ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್ ಎಂದು ಗೊತ್ತಾದರೆ ಮನೆಯ ಹಿರಿಯರ ತೀರ್ಪು ಸಿದ್ಧ: ‘ಪುಕ್ಕಟೆ ಸಿಕ್ಕಿದ್ದು ಇನ್ನು ಹೇಗಿದ್ದೀತು?’

ತೀರ್ಪು ಬರೆಯುವ ಮೊದಲು ಸಾಕ್ಷಿಗಳ ವಿಚಾರಣೆ ಆಗಬೇಕಲ್ಲವೆ? ಅದೂ ಈಗ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಿಡಿಸದ ಹಳೆಯ ಕಂಪ್ಯೂಟರುಗಳು ಎಷ್ಟೋ ಮನೆಗಳಲ್ಲಿ ಇವೆ. ಯಂತ್ರ ಗಟ್ಟಿಮುಟ್ಟಾಗಿದೆ, ಹೊಸದಕ್ಕೆ ಹಣ ಕೂಡಿಲ್ಲ, ಮಕ್ಕಳ ಓದು ನಿಲ್ಲುವಂತಿಲ್ಲ. ಅಂಥ ಮನೆಗೆ ಲಿನಕ್ಸ್ ಒಳ್ಳೆಯ ದಾರಿ. ಆದರೆ ಹೆಡ್‌ಸೆಟ್ಟು ಕೆಲಸ ಮಾಡಲಿಲ್ಲವೆಂಬ ಒಂದೇ ಕಾರಣಕ್ಕೆ ಆ ಯಂತ್ರ ಅಟ್ಟ ಸೇರಿದರೆ ನಷ್ಟ ಯಾರಿಗೆ? ಆದ್ದರಿಂದ ಈ ವಾರ ಕಂಪ್ಯೂಟರಿಗೂ ಕಿವಿಗೂ ನಡುವೆ ಏನು ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದನ್ನು ಸರಿಪಡಿಸುವವರು ಯಾರು ಎಂಬುದನ್ನು ನೋಡೋಣ.

ರಾಜನ ಹೆಸರಿನ ರೇಡಿಯೋ

ಬ್ಲೂಟೂತ್ ಎಂದರೆ ಮಂತ್ರವಲ್ಲ, ಒಂದು ಪುಟ್ಟ ರೇಡಿಯೋ. ನಮ್ಮ ಎಫ್.ಎಂ. ಕೇಂದ್ರಗಳು ನೂರು ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪ್ರಸಾರ ಮಾಡಿದರೆ, ಇದು ಮಾತಾಡುವುದು 2,400 ಮೆಗಾಹರ್ಟ್ಸ್‌ಗಿಂತ ತುಸು ಮೇಲೆ. ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿ 1994ರಲ್ಲಿ ಇದರ ಕೆಲಸ ಆರಂಭಿಸಿತು. ಯಾಪ್ ಹಾರ್ಟ್‌ಸನ್ ಎಂಬ ಡಚ್ ಎಂಜಿನಿಯರ್ ಇದರ ಮುಖ್ಯ ಶಿಲ್ಪಿಗಳಲ್ಲೊಬ್ಬರು. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ, ತೋಷಿಬಾ ಎಂಬ ಐದು ಕಂಪನಿಗಳು ಸೇರಿ ಸಂಘ ಕಟ್ಟಿದವು.

ಹೆಸರು ಬಂದ ಬಗೆ ತಮಾಷೆಯದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಒಂದುಗೂಡಿಸಿದ ದೊರೆ ಹೆರಾಲ್ಡನಿಗೆ ‘ನೀಲಿ ಹಲ್ಲಿನವ’ ಎಂಬ ಅಡ್ಡಹೆಸರು ಇತ್ತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ರೇಡಿಯೋಗೆ ಅವನ ಹೆಸರೇ ಇರಲಿ ಎಂದು 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಸೂಚಿಸಿದರು. ತಾತ್ಕಾಲಿಕವಾಗಿ ಇಟ್ಟ ಹೆಸರು ಕಾಯಂ ಆಯಿತು. ಮೊಬೈಲಿನ ಮೇಲೆ ಕಾಣುವ ಆ ಮೊನೆಮೊನೆಯಾದ ಗುರುತು ಹೆರಾಲ್ಡನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನಿಕ್ ಲಿಪಿಯಲ್ಲಿ ಬೆಸೆದದ್ದು.

ಈ ರೇಡಿಯೋ ಒಂದೇ ಕಡೆ ನಿಂತು ಮಾತಾಡುವುದಿಲ್ಲ. ಅದೇ ಪಟ್ಟಿಯಲ್ಲಿ ವೈಫೈ ಇದೆ, ಅಡಿಗೆಮನೆಯ ಮೈಕ್ರೋವೇವ್ ಒಲೆಯ ಸೋರಿಕೆಯೂ ಇದೆ. ಸಂತೆಯ ಗದ್ದಲದಲ್ಲಿ ಮಾತಾಡಬೇಕಾದ ಸ್ಥಿತಿ. ಅದಕ್ಕೇ ಬ್ಲೂಟೂತ್ ತನ್ನ ಪಾಲಿನ ಪಟ್ಟಿಯನ್ನು ಒಂದೊಂದು ಮೆಗಾಹರ್ಟ್ಸ್‌ನ 79 ಓಣಿಗಳಾಗಿ ವಿಂಗಡಿಸಿಕೊಂಡು, ಸೆಕೆಂಡಿಗೆ 1,600 ಸಲ ಓಣಿ ಬದಲಿಸುತ್ತದೆ. ಯಾವ ಓಣಿಯ ನಂತರ ಯಾವುದು ಎಂಬುದು ಮುಖ್ಯ ಸಾಧನದ ವಿಳಾಸ ಮತ್ತು ಅದರ ಗಡಿಯಾರದಿಂದ ನಿರ್ಧಾರವಾಗುತ್ತದೆ. ‘ನಮಸ್ಕಾರ’ ಎನ್ನಲು ಅರ್ಧ ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ ಎಷ್ಟು ಜಿಗಿತ? ಲೆಕ್ಕ ಹಾಕಿ: 800. ಒಂದು ಓಣಿಯಲ್ಲಿ ಗದ್ದಲವಿದ್ದು ತುಣುಕು ಹಾಳಾದರೂ ಮುಂದಿನ ಓಣಿಯಲ್ಲಿ ಸಾಗುತ್ತದೆ. 2003ರ ಆವೃತ್ತಿಯಿಂದ ಮುಂದೆ, ಗದ್ದಲದ ಓಣಿಗಳನ್ನು ಗುರುತಿಸಿ ಅವನ್ನು ಬಿಟ್ಟು ಜಿಗಿಯುವ ಜಾಣತನವೂ ಬಂದಿತು.

ಐದು ಕೈ ದಾಟಬೇಕು

ಹಾಡು ಕಂಪ್ಯೂಟರಿನಿಂದ ಕಿವಿಗೆ ಬರುವ ಮೊದಲು ಐದು ಕೈ ದಾಟುತ್ತದೆ. ಮೊದಲನೆಯದು ರೇಡಿಯೋ ಚಿಪ್ಪು ಮತ್ತು ಅದರೊಳಗೆ ತುಂಬುವ ಫರ್ಮ್‌ವೇರ್ ಎಂಬ ತಂತ್ರಾಂಶ. ಎರಡನೆಯದು ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿರುವ ಡ್ರೈವರ್. ಇದು ಚಿಪ್ಪಿನ ಭಾಷೆ ಬಲ್ಲ ದುಭಾಷಿ. ಮೂರನೆಯದು ಬ್ಲೂಝೆಡ್ ಎಂಬ ತಂತ್ರಾಂಶ. ಯಾವ ಸಾಧನ ಬಂದಿದೆ, ಅದರ ಗುಟ್ಟಿನ ಕೀಲಿ ಯಾವುದು, ಅದಕ್ಕೆ ಏನೇನು ಬರುತ್ತದೆ ಎಂಬ ವಿಚಾರಣೆಯೆಲ್ಲ ಇದರ ಪಾಲು. ನಾಲ್ಕನೆಯದು ಧ್ವನಿಯ ವ್ಯವಹಾರ ನೋಡಿಕೊಳ್ಳುವ ಪೈಪ್‌ವೈರ್. ಐದನೆಯದು ನಾವು ಕಣ್ಣಾರೆ ಕಾಣುವ ಸೆಟ್ಟಿಂಗ್ಸ್ ಕಿಟಕಿ.

ಮೊಬೈಲ್ ಕಂಪನಿಯೊಂದು ಈ ಐದನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಪರೀಕ್ಷಿಸಿ ಮಾರುತ್ತದೆ. ಲಿನಕ್ಸಿನಲ್ಲಿ ಹಾಗಲ್ಲ. ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಕರ್ನೆಲ್ ಹೊರತಂದರು. ಬ್ಲೂಝೆಡ್ ಮೊದಲು ಬೆಳೆದದ್ದು ಕ್ವಾಲ್‌ಕಾಮ್ ಕಂಪನಿಯಲ್ಲಿ. 2001ರಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂದು ಅದೇ ವರ್ಷ ಕರ್ನೆಲ್ ಸೇರಿತು. ಪೈಪ್‌ವೈರ್ ಆರಂಭಿಸಿದವರು ರೆಡ್ ಹ್ಯಾಟ್ ಕಂಪನಿಯ ವಿಮ್ ಟೇಮನ್ಸ್. ಕಿಟಕಿ ಬರೆದವರು ಮತ್ತೆ ಬೇರೆಯೇ ಜನ. ಕೆಲವರಿಗೆ ಸಂಬಳವಿದೆ, ಕೆಲವರು ರಾತ್ರಿ ಊಟವಾದ ಮೇಲೆ ಕೂತು ಬರೆಯುವವರು. ಐವರಲ್ಲಿ ಯಾರ ಕೈಯಲ್ಲಿ ಜಾರಿದರೂ ನಮಗೆ ಕಾಣುವುದು ಕೊನೆಯ ಕಿಟಕಿಯಲ್ಲಿನ ‘ಜೋಡಣೆ ವಿಫಲ’ ಎಂಬ ಮಾತಷ್ಟೆ. ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಯನ್ನೇ ಬಯ್ದಂತೆ ನಾವು ಆ ಕಿಟಕಿಯನ್ನು ಬಯ್ಯುತ್ತೇವೆ. ತೊಂದರೆ ತೊಟ್ಟಿಯಲ್ಲಿದ್ದೀತು, ಪೈಪಿನಲ್ಲಿದ್ದೀತು.

ಹಾಲ್ ಟಿಕೆಟ್ ಬದಲಿಸಿದ ಚಿಪ್ಪು

ಮೊದಲ ಕೈಯಲ್ಲೇ ಜಾರುವ ಒಂದು ನಿಜ ಪ್ರಸಂಗ ಕೇಳಿ. ಬ್ಲೂಟೂತ್ ಇಲ್ಲದ ಹಳೆಯ ಕಂಪ್ಯೂಟರಿಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್ ಚುಚ್ಚುತ್ತಾರಲ್ಲ, ಅದರಲ್ಲಿ ಬಹುಕಾಲ ಹೆಸರಾಗಿದ್ದದ್ದು ಇಂಗ್ಲೆಂಡಿನ ಕೇಂಬ್ರಿಜ್ ಸಿಲಿಕಾನ್ ರೇಡಿಯೋ ಕಂಪನಿಯ ಚಿಪ್ಪು. ಯುಎಸ್‌ಬಿ ಸಾಧನವನ್ನು ಚುಚ್ಚಿದೊಡನೆ ಅದು ಎರಡು ಸಂಖ್ಯೆ ಹೇಳಬೇಕು: ತನ್ನನ್ನು ಮಾಡಿದವರದೊಂದು, ತನ್ನ ಮಾದರಿಯದೊಂದು. ಅದು ಅದರ ಹಾಲ್ ಟಿಕೆಟ್. ಅಗ್ಗದ ಚಿಪ್ಪು ಮಾಡುವ ಕೆಲವರು ಕೇಂಬ್ರಿಜ್ ಚಿಪ್ಪಿನ ಸಂಖ್ಯೆಗಳನ್ನೇ ತಮ್ಮ ಚಿಪ್ಪಿಗೂ ಬರೆದು ಮಾರುಕಟ್ಟೆಗೆ ಬಿಟ್ಟರು.

ಮುಂದೇನಾಯಿತು? ಲಿನಕ್ಸಿನ ಡ್ರೈವರ್ ‘ನಿನಗೆ ಇಂಥಿಂಥ ಆಜ್ಞೆ ಬರುತ್ತದೆಯೇ?’ ಎಂದು ಕೇಳಿದರೆ ನಕಲಿ ಚಿಪ್ಪು ‘ಬರುತ್ತದೆ’ ಎನ್ನುತ್ತದೆ. ಆಜ್ಞೆ ಕೊಟ್ಟರೆ ತಪ್ಪು ಉತ್ತರ ಕೊಡುತ್ತದೆ, ಇಲ್ಲವೆ ಅಲ್ಲೇ ಸ್ತಬ್ಧ. ಬೇರೆಯವನ ಹಾಲ್ ಟಿಕೆಟ್ ತಂದು ಪರೀಕ್ಷೆಗೆ ಕೂತ ಹುಡುಗನಂತೆ! ಲಿನಕ್ಸ್ ಬರೆಯುವವರು ಈ ಹುಡುಗನನ್ನು ಹೇಗೆ ಹಿಡಿದರು ಗೊತ್ತೆ? ಚಿಪ್ಪು ಹೇಳುವ ಆವೃತ್ತಿ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿ. ತಾಳೆಯಾಗದಿದ್ದರೆ ನಕಲಿ. ಆದರೆ ಹಿಡಿದ ಮೇಲೆ ಹೊರಗೆ ಅಟ್ಟಲಿಲ್ಲ. ಡಾಂಗಲ್ ಕೊಂಡ ಬಡಪಾಯಿಯ ತಪ್ಪೇನು? ಆ ಚಿಪ್ಪಿಗೆ ಬಾರದ ಪ್ರಶ್ನೆಗಳನ್ನು ಕೇಳದೆ ಕೆಲಸ ತೆಗೆಯುವ ಏರ್ಪಾಡು ಮಾಡಿದರು. 2020ರಿಂದ ಈಚೆಗೆ ಇಂಥ ತಿದ್ದುಪಡಿಗಳು ಕರ್ನೆಲ್‌ಗೆ ಬಂದಿವೆ. ಇದು ಸಾಧ್ಯವಾದದ್ದು, ‘ನನ್ನ ಡಾಂಗಲ್ ಹೀಗೆ ಹೇಳುತ್ತಿದೆ’ ಎಂದು ಬಳಕೆದಾರರು ಸಂಖ್ಯೆಗಳ ಸಮೇತ ಬರೆದು ಕಳಿಸಿದ್ದರಿಂದ.

ಎಲ್ಲವನ್ನೂ ಹೀಗೆ ಜಾಣತನದಿಂದ ಬಿಡಿಸಲಾಗದು ಎಂಬುದನ್ನೂ ಹೇಳಬೇಕು. ಹಲವು ಚಿಪ್ಪುಗಳಿಗೆ ಕಂಪ್ಯೂಟರು ಹೊತ್ತಿದಾಗಲೆಲ್ಲ ಫರ್ಮ್‌ವೇರ್ ತುಂಬಬೇಕು. ಆ ಕಡತವನ್ನು ಹಂಚಲು ಚಿಪ್ಪು ಮಾಡಿದ ಕಂಪನಿ ಅನುಮತಿ ಕೊಟ್ಟರೆ ಅದು ಲಿನಕ್ಸಿನ ಜೊತೆಗೇ ಬರುತ್ತದೆ. ಕೊಡದಿದ್ದರೆ ಎಂಥ ಮೇಧಾವಿ ಕೂತರೂ ಕಾನೂನು ಅಡ್ಡ ಬರುತ್ತದೆ. ಹಾಗಾಗಿ ‘ಲಿನಕ್ಸಿಗೆ ಬ್ಲೂಟೂತ್ ಬರುವುದಿಲ್ಲ’ ಎಂಬ ದೂರಿನಲ್ಲಿ ಒಂದು ಪಾಲು ಚಿಪ್ಪಿನವರಿಗೂ ಸಲ್ಲಬೇಕು.

ಮೂಗಿನ ದನಿಯ ಗುಟ್ಟು

ಈಗ ಮೊದಲ ದೂರಿಗೆ ಬರೋಣ. ಹಾಡು ಚೆನ್ನಾಗಿ ಕೇಳುತ್ತಿದ್ದ ಹೆಡ್‌ಸೆಟ್ಟು ಆನ್‌ಲೈನ್ ಪಾಠದಲ್ಲಿ ಮೈಕು ತೆರೆದೊಡನೆ ಹಳೆಯ ಟ್ರಂಕ್ ಕಾಲ್‌ನಂತೆ ಏಕಾಗುತ್ತದೆ?

ಬ್ಲೂಟೂತಿನಲ್ಲಿ ಧ್ವನಿ ಸಾಗಿಸಲು ಎರಡು ಬೇರೆ ಬೇರೆ ರಿವಾಜುಗಳಿವೆ. ಒಂದು ಹಾಡಿಗೆ. ಇದು ಏಕಮುಖ ರಸ್ತೆ: ಕಂಪ್ಯೂಟರಿನಿಂದ ಕಿವಿಗೆ ಮಾತ್ರ. ಸೆಕೆಂಡಿಗೆ 44,100 ಅಥವಾ 48,000 ಸಲ ಧ್ವನಿಯ ಅಳತೆ ತೆಗೆದು ಅಡಕಮಾಡಿ ಕಳಿಸುತ್ತದೆ. ಇನ್ನೊಂದು ಫೋನ್ ಮಾತಿಗೆ. ಇದು ದ್ವಿಮುಖ, ಆದರೆ ಕಿರಿದು. ಇದರ ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ 8,000 ಅಳತೆ ಮಾತ್ರ. ಮೈಕು ಬೇಕೆಂದೊಡನೆ ಹೆಡ್‌ಸೆಟ್ಟು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಇಳಿಯುತ್ತದೆ.

ಭೌತಶಾಸ್ತ್ರದ ಒಂದು ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಅಳತೆ ತೆಗೆಯುತ್ತೀರೋ ಅದರ ಅರ್ಧದಷ್ಟು ಆವೃತ್ತಿಯವರೆಗಿನ ಧ್ವನಿಯನ್ನು ಮಾತ್ರ ಹಿಡಿದಿಡಬಹುದು. 8,000 ಅಳತೆಗೆ 4,000 ಹರ್ಟ್ಸ್. ನಮ್ಮ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗೆ ಎಂದು ಪಾಠದಲ್ಲಿ ಓದಿದ್ದೀರಿ. ‘ಸ’, ‘ಶ’ಗಳ ಸುಯ್ಲು 4,000 ಹರ್ಟ್ಸ್‌ನ ಮೇಲೂ ಸಾಕಷ್ಟು ಹರಡಿದೆ. ಅದನ್ನು ಕತ್ತರಿಸಿದರೆ ‘ಸಾಲೆ’ ಯಾವುದು, ‘ಶಾಲೆ’ ಯಾವುದು? ಮೇಷ್ಟ್ರು ಹೇಳಿದ ಹೊಸ ಪದ, ಅದೂ ಇಂಗ್ಲಿಷ್ ಪದ, ಬರೆದುಕೊಳ್ಳುವ ಮಗುವಿಗೆ ಇದು ಸಣ್ಣ ತೊಂದರೆಯಲ್ಲ.

ಗಮನಿಸಿ, ಈ ಮಿತಿ ಲಿನಕ್ಸಿನದಲ್ಲ. ಬ್ಲೂಟೂತಿನ ಹಳೆಯ ರಿವಾಜಿನದು. ವಿಂಡೋಸಿನಲ್ಲೂ ಇದೇ ಪಾಡು. ಸೆಕೆಂಡಿಗೆ 16,000 ಅಳತೆ ತೆಗೆಯುವ ಎಂಎಸ್‌ಬಿಸಿ ಎಂಬ ಸುಧಾರಿತ ಪದ್ಧತಿ ಬಂದಮೇಲೆ ಮಾತು ಎಷ್ಟೋ ಸ್ಪಷ್ಟವಾಯಿತು. ಲಿನಕ್ಸಿನ ಎಡವಟ್ಟು ಏನೆಂದರೆ, ಮೊಬೈಲುಗಳಲ್ಲಿ ರೂಢಿಯಾದ ಈ ಪದ್ಧತಿ ಇಲ್ಲಿಗೆ ತಲುಪಲು ವರ್ಷಗಳೇ ಹಿಡಿದವು. ಆ ದೂರು ನ್ಯಾಯವಾದದ್ದೇ. ಆ ಕೊರತೆ ತುಂಬಿದ್ದು 2021ರ ಸುಮಾರಿಗೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಫೆಡೋರಾ 34ರಲ್ಲಿ ಧ್ವನಿಯ ಹೊಣೆ ಪೈಪ್‌ವೈರ್‌ಗೆ ವರ್ಗವಾಯಿತು. 2022ರ ಅಕ್ಟೋಬರ್‌ನ ಉಬುಂಟು 22.10 ಅದನ್ನೇ ಅನುಸರಿಸಿತು. ನಿಮ್ಮ ಕಂಪ್ಯೂಟರಿನಲ್ಲಿ ಅದಕ್ಕಿಂತ ಹಳೆಯ ಆವೃತ್ತಿ ಇದ್ದರೆ, ಹೊಸ ಹೆಡ್‌ಸೆಟ್ಟು ಕೊಳ್ಳುವ ಮೊದಲು ಹೊಸ ಆವೃತ್ತಿ ಹಾಕಿ ನೋಡಿ. ಖರ್ಚಿಲ್ಲದ ಔಷಧ.

ಇನ್ನೂ ಸುಲಭದ ಉಪಾಯವೊಂದಿದೆ. ಲ್ಯಾಪ್‌ಟಾಪಿನಲ್ಲಿ ಅದರದೇ ಮೈಕು ಇರುತ್ತದೆ. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಕೇಳುವುದಕ್ಕೆ ಹೆಡ್‌ಸೆಟ್ಟು, ಮಾತಾಡುವುದಕ್ಕೆ ಲ್ಯಾಪ್‌ಟಾಪಿನ ಮೈಕು ಎಂದು ಆರಿಸಿ. ಆಗ ಹೆಡ್‌ಸೆಟ್ಟು ಹಾಡಿನ ರಿವಾಜಿನಲ್ಲೇ ಉಳಿಯುತ್ತದೆ. ಮೇಷ್ಟ್ರ ದನಿ ಮೂಗಿನಿಂದ ಗಂಟಲಿಗೆ ಮರಳುತ್ತದೆ!

‘ಆಶಾ’ ಎಂಬ ಭರವಸೆ

ಹಾಡಿನ ಹೆಡ್‌ಸೆಟ್ಟು ಕೈಕೊಟ್ಟರೆ ತಂತಿಯದೊಂದು ತಂದು ಚುಚ್ಚಬಹುದು. ಆದರೆ ಕಿವಿಗೆ ಶ್ರವಣ ಸಾಧನ, ನಮ್ಮ ಜನರ ಮಾತಿನಲ್ಲಿ ‘ಕಿವಿ ಮಿಷನ್ನು’, ಹಾಕಿಕೊಂಡ ವಿದ್ಯಾರ್ಥಿ ಏನು ಮಾಡಬೇಕು? ಅದರ ಮೇಲೆ ಹೆಡ್‌ಸೆಟ್ಟು ಏರಿಸಿದರೆ ಕೆಲವೊಮ್ಮೆ ಕಿರ್ರೆಂದು ಕೂಗುತ್ತದೆ. ತೆಗೆದಿಟ್ಟರೆ ಕೇಳುವುದೇ ಇಲ್ಲ. ಕಂಪ್ಯೂಟರಿನ ದನಿ ನೇರವಾಗಿ ಸಾಧನದೊಳಕ್ಕೇ ಹೋಗುವಂತಿದ್ದರೆ ಆ ಮಗು ತರಗತಿಯ ಇತರ ಮಕ್ಕಳ ಸಮಕ್ಕೆ ಕೂತಂತೆ.

ಇದಕ್ಕಾಗಿ 2018ರಲ್ಲಿ ಗೂಗಲ್ ಸಂಸ್ಥೆಯು ಜಿಎನ್ ಹಿಯರಿಂಗ್ ಎಂಬ ಶ್ರವಣ ಸಾಧನ ಕಂಪನಿಯೊಡನೆ ಸೇರಿ ಒಂದು ರಿವಾಜು ಪ್ರಕಟಿಸಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಆಶಾ’ ಎಂದಾಗುತ್ತದೆ. ನಮಗೆ ಆಶಾ ಎಂದರೆ ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ. ಈ ಆಶಾ ಕೂಡ ಆರೋಗ್ಯದ ಕೆಲಸದವಳೇ. ಶ್ರವಣ ಸಾಧನದ ಬ್ಯಾಟರಿ ಕಡಲೆಕಾಳಿನಷ್ಟು. ಹೆಚ್ಚು ಶಕ್ತಿ ಬೇಡುವ ರೇಡಿಯೋ ಅದಕ್ಕೆ ಆಗದು. ಹಾಗಾಗಿ ಆಶಾ ಬಳಸುವುದು ಬ್ಲೂಟೂತಿನ ಮಿತವ್ಯಯದ ಬಗೆಯನ್ನು. ಧ್ವನಿಯನ್ನು ಅಡಕಮಾಡಲು ಆರಿಸಿಕೊಂಡದ್ದು ಜಿ.722 ಎಂಬ ಪದ್ಧತಿ. ಇದು ಟೆಲಿಫೋನಿಗಾಗಿ 1988ರಲ್ಲೇ ನಿಗದಿಯಾದದ್ದು. ಹೊಸ ಸಮಸ್ಯೆಗೆ ಅಜ್ಜನ ಕಾಲದ ಪೆಟ್ಟಿಗೆಯಿಂದ ತೆಗೆದ ಉಪಕರಣ! ಎಡಗಿವಿಯದು, ಬಲಗಿವಿಯದು ಎರಡೂ ಬೇರೆ ಬೇರೆ ಸಾಧನಗಳಾದ್ದರಿಂದ ಎರಡಕ್ಕೂ ದನಿ ಒಟ್ಟೊಟ್ಟಿಗೆ ತಲುಪುವಂತೆ ನೋಡಿಕೊಳ್ಳುವುದೇ ಇಲ್ಲಿನ ಕಠಿಣ ಕೆಲಸ.

ಆಂಡ್ರಾಯ್ಡ್ ಫೋನುಗಳಿಗೆ ಇದು ಮೊದಲೇ ಬಂದಿತ್ತು. ಲಿನಕ್ಸ್ ಕಂಪ್ಯೂಟರಿನಲ್ಲಿ ಬಹುಕಾಲ ಇರಲಿಲ್ಲ. ರಿವಾಜು ಬಹಿರಂಗವಾಗಿ ಪ್ರಕಟವಾಗಿದ್ದರಿಂದ ಆಸಕ್ತರು ಅದನ್ನು ಓದಿ ಬರೆಯುವುದು ಸಾಧ್ಯವಾಯಿತು. 2025ರ ಮಾರ್ಚ್‌ನಲ್ಲಿ ಬಂದ ಪೈಪ್‌ವೈರ್ 1.4ರಲ್ಲಿ ಆಶಾ ಸಾಧನಗಳಿಗೆ ಬೆಂಬಲ ಸೇರಿತು. ಇದರ ಜೊತೆಗೆ, 2020ರಲ್ಲಿ ಘೋಷಣೆಯಾಗಿ 2022ರಲ್ಲಿ ಪೂರ್ಣಗೊಂಡ ‘ಎಲ್ಇ ಆಡಿಯೋ’ ಎಂಬ ಹೊಸ ಬ್ಲೂಟೂತ್ ರಿವಾಜೂ ಲಿನಕ್ಸಿಗೆ ಹಂತಹಂತವಾಗಿ ಬರುತ್ತಿದೆ. ಹಾಡು, ಮಾತು ಎರಡಕ್ಕೂ ಒಂದೇ ಒಳ್ಳೆಯ ದಾರಿ ಮಾಡುವುದು ಅದರ ಗುರಿ. ಅದು ಎಲ್ಲ ಕಡೆ ನೆಲೆಯೂರಿದ ದಿನ ಮೂಗಿನ ದನಿಯ ಸಮಸ್ಯೆ ತಾನಾಗಿ ಮಾಯವಾಗುತ್ತದೆ. ಅದಕ್ಕೆ ಕಂಪ್ಯೂಟರಿನ ಚಿಪ್ಪು, ಕಿವಿಯ ಸಾಧನ ಎರಡೂ ಹೊಸ ರಿವಾಜು ಬಲ್ಲವಾಗಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ರೆಕಾರ್ಡ್ ಬುಕ್ ಬರೆಯುವಂತೆ ಬರೆಯಿರಿ

ವಿದ್ಯಾರ್ಥಿಗಳೇ, ಇಲ್ಲಿ ನಿಮಗೂ ಕೆಲಸವಿದೆ. ಪ್ರೋಗ್ರಾಂ ಬರೆಯಲು ಬಾರದಿದ್ದರೂ ಸರಿ. ಲಿನಕ್ಸ್ ಬರೆಯುವವರ ಬಳಿ ಜಗತ್ತಿನ ಎಲ್ಲ ಹೆಡ್‌ಸೆಟ್ಟು, ಎಲ್ಲ ಡಾಂಗಲ್ ಇರುವುದಿಲ್ಲ. ನಿಮ್ಮ ಮೇಜಿನ ಮೇಲಿರುವುದು ಅವರ ಮೇಜಿನ ಮೇಲಿಲ್ಲ. ಅವರಿಗೆ ಬೇಕಾದದ್ದು ನಿಮ್ಮ ವರದಿ. ‘ಬ್ಲೂಟೂತ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲು ವರದಿಯಲ್ಲ. ಡಾಕ್ಟರ ಮುಂದೆ ಕೂತು ‘ಹುಷಾರಿಲ್ಲ’ ಎಂದಷ್ಟೇ ಹೇಳಿದಂತೆ.

ಪ್ರಯೋಗಾಲಯದ ರೆಕಾರ್ಡ್ ಬುಕ್ ನೆನಪಿಸಿಕೊಳ್ಳಿ. ಉಪಕರಣಗಳು: ಯಾವ ಕಂಪ್ಯೂಟರು, ಯಾವ ಡಾಂಗಲ್, ಯಾವ ಹೆಡ್‌ಸೆಟ್ಟು, ಲಿನಕ್ಸಿನ ಯಾವ ಆವೃತ್ತಿ. ವಿಧಾನ: ಏನು ಮಾಡಿದಿರಿ, ಯಾವ ಕ್ರಮದಲ್ಲಿ. ವೀಕ್ಷಣೆ: ಏನಾಯಿತು, ಪ್ರತಿಸಲವೂ ಆಗುತ್ತದೆಯೋ ಹತ್ತರಲ್ಲಿ ಮೂರು ಸಲವೋ. ಕೊನೆಗೆ ಕಂಪ್ಯೂಟರು ತಾನೇ ಬರೆದಿಟ್ಟ ದಿನಚರಿಯ ಆ ಭಾಗ. ನಿಮ್ಮ ಲಿನಕ್ಸನ್ನು ಹೊರತರುವವರ ದೋಷ ವರದಿ ಪುಟದಲ್ಲಿ ಇದನ್ನು ತುಂಬಬಹುದು. ಕಳಿಸುವ ಮೊದಲು ಅದರಲ್ಲಿ ಮನೆಯವರ ಹೆಸರು, ಸಾಧನಗಳ ವಿಳಾಸ ಇದ್ದರೆ ಅಳಿಸಲು ಮರೆಯಬಾರದು.

ಮತ್ತೊಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಳಗಾಗುವಷ್ಟರಲ್ಲಿ ಗುರುತು ಮರೆಯುವ ಮೌಸಿನ ಪ್ರಸಂಗವನ್ನೇ ಹೀಗೆ ಬಿಡಿಸಬಹುದು. ಬ್ಯಾಟರಿ ಬದಲಿಸಿದಿರಿ, ಮರೆವು ಹೋಗಲಿಲ್ಲ. ಮೇಜಿನ ಜಾಗ ಬದಲಿಸಿದಿರಿ, ಹೋಗಲಿಲ್ಲ. ಕೊನೆಗೆ ಗಮನಕ್ಕೆ ಬರುತ್ತದೆ: ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದು, ರಾತ್ರಿ ಅಣ್ಣ ವಿಂಡೋಸಿನಲ್ಲಿ ಮೌಸನ್ನು ಮತ್ತೆ ಜೋಡಿಸಿದ ದಿನವೇ ಬೆಳಿಗ್ಗೆ ಲಿನಕ್ಸಿನಲ್ಲಿ ಮರೆವು. ಕಾರಣ ಹೊಳೆಯಿತೆ? ಜೋಡಣೆಯಾದಾಗ ಎರಡೂ ಕಡೆ ಒಂದು ಗುಟ್ಟಿನ ಕೀಲಿ ಹುಟ್ಟುತ್ತದೆ. ರೇಡಿಯೋ ಒಂದೇ ಆದ್ದರಿಂದ ಮೌಸಿಗೆ ಎರಡೂ ಒಂದೇ ಮನೆ. ಹೊಸ ಕೀಲಿ ಬಂದೊಡನೆ ಹಳೆಯದನ್ನು ಎಸೆಯುತ್ತದೆ. ಲಿನಕ್ಸಿನ ಬಳಿ ಉಳಿದದ್ದು ಹಳೆಯ ಕೀಲಿ! ಎರಡು ಮೂರು ಕಂಪ್ಯೂಟರಿಗೆ ಬದಲಾಯಿಸುವ ಗುಂಡಿ ಇರುವ ಮೌಸಾದರೆ, ವಿಂಡೋಸಿಗೊಂದು, ಲಿನಕ್ಸಿಗೊಂದು ಸ್ಥಾನ ಕೊಟ್ಟರೆ ಜಗಳ ಮುಗಿಯಿತು.

ಪೋಷಕರಿಗೆ ಎರಡು ಮಾತು. ಡಾಂಗಲ್ ಕೊಳ್ಳುವಾಗ ಅದು ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ಕೇಳಿ, ನಡೆಯದಿದ್ದರೆ ಹಿಂದಿರುಗಿಸುವ ಮಾತು ಮೊದಲೇ ಆಗಲಿ. ಕಂಪ್ಯೂಟರು ‘ಅಪ್‌ಡೇಟ್ ಇದೆ’ ಎಂದಾಗ ಮುಂದೂಡಬೇಡಿ. ದೂರದಲ್ಲಿ ಯಾರೋ ಮಾಡಿದ ರಿಪೇರಿ ನಿಮ್ಮ ಮನೆಗೆ ತಲುಪುವುದು ಆ ದಾರಿಯಿಂದಲೇ.

ಇನ್ನು ಆ ತೀರ್ಪಿನ ವಿಷಯ. ‘ಪುಕ್ಕಟೆ ಸಿಕ್ಕಿದ್ದು’ ಎಂಬ ಮಾತು ಪೂರ್ತಿ ನಿಜವಲ್ಲ. ಲಿನಕ್ಸಿಗೆ ನಾವು ಹಣ ಕೊಟ್ಟಿಲ್ಲ, ಆದರೆ ಯಾರ್ಯಾರೋ ತಮ್ಮ ರಾತ್ರಿಗಳನ್ನು ಕೊಟ್ಟಿದ್ದಾರೆ. ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಕಂಪನಿಯ ಮರ್ಜಿ ಕಾಯಬೇಕು. ತೆರೆದ ಪೆಟ್ಟಿಗೆ ಕೆಟ್ಟರೆ ಒಳಗೆ ಇಣುಕಿ ಏಕೆ ಕೆಟ್ಟಿತೆಂದು ಕೇಳಬಹುದು. ವಿಜ್ಞಾನದ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಸೌಕರ್ಯ ಯಾವುದಿದೆ? ಮುಂದಿನ ಸಲ ಹೆಡ್‌ಸೆಟ್ಟು ಮುನಿಸಿಕೊಂಡಾಗ ಅದನ್ನು ಮೂಲೆಗೆ ಎಸೆಯುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಐದು ಕೈಗಳಲ್ಲಿ ಯಾವುದು ಜಾರಿತು ಎಂದು ನೀವು ಸರಿಯಾಗಿ ಬರೆದುಕೊಟ್ಟರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆಯೇ.